ಜಪಾನಿನ ಗುರುದಕ್ಷಿಣೆ

ಯಾವುದೇ ದೇಶ ಕೆಲವೇ ದಶಕಗಳಲ್ಲಿ ಮುಂದೆ ಬಂದರೆ ಅದಕ್ಕೊಂದು ಸುಲಭ ವಿವರಣೆ ಹುಟ್ಟಿಕೊಳ್ಳುತ್ತದೆ. ಜಪಾನಿನ ವಿಷಯದಲ್ಲಿ ಆ ವಿವರಣೆ ‘ಅನುಕರಣೆ’ ಎಂಬ ಒಂದೇ ಪದ. ಪಶ್ಚಿಮದ ಯಂತ್ರಗಳನ್ನು ನೋಡಿದರು, ಹಾಗೆಯೇ ಮಾಡಿದರು, ಸಿರಿವಂತರಾದರು ಎಂದು ಬಹಳ ಮಂದಿ ನಂಬಿದ್ದಾರೆ. ನೋಡಿ ಮಾಡುವುದು ಅಷ್ಟು ಸುಲಭವಾಗಿದ್ದರೆ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲನ್ನು ಕಂಡ ದೇಶಗಳೆಲ್ಲ ರೈಲು ಎಂಜಿನ್ ತಯಾರಿಸುವ ದೇಶಗಳಾಗಬೇಕಿತ್ತು. ಹಾಗಾಗಲಿಲ್ಲ. ಜಪಾನ್ ಹೇಗೆ ಕಲಿಯಿತು, ಕಲಿಸಿದವರಿಗೆ ಕೊಡಬೇಕಾದ ದಕ್ಷಿಣೆಯನ್ನು ಯಾರ ದುಡಿಮೆಯಿಂದ ಹೊಂದಿಸಿತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗ ಮಾತ್ರ ಆ ದೇಶದ ಏಳಿಗೆ ಅರ್ಥವಾಗುತ್ತದೆ.

ಕಪ್ಪು ಹಡಗುಗಳು

1853ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಂದಿಗೆ ಎಡೊ ಕೊಲ್ಲಿಯ ಬಾಯಲ್ಲಿ ಬಂದು ನಿಂತ. ಹೊಗೆಯುಗುಳುತ್ತಿದ್ದ ಆ ನೌಕೆಗಳನ್ನು ಜನ ‘ಕಪ್ಪು ಹಡಗುಗಳು’ ಎಂದು ಕರೆದರು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಹೊರಜಗತ್ತಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿದ್ದ ಜಪಾನ್, ಫಿರಂಗಿಗಳ ಎದುರಿನಲ್ಲಿ ಬಾಗಿಲು ತೆರೆಯಬೇಕಾಯಿತು. 1858ರ ಒಪ್ಪಂದಗಳು ತನ್ನದೇ ಬಂದರಿನಲ್ಲಿ ಸುಂಕವನ್ನು ತಾನೇ ನಿಗದಿ ಮಾಡುವ ಅಧಿಕಾರವನ್ನೂ, ತಪ್ಪು ಮಾಡಿದ ವಿದೇಶಿಯರನ್ನು ತನ್ನ ನ್ಯಾಯಾಲಯದಲ್ಲಿ ವಿಚಾರಿಸುವ ಅಧಿಕಾರವನ್ನೂ ಕಿತ್ತುಕೊಂಡವು.

ಈ ಅವಮಾನದ ಬೇಗೆಯಲ್ಲಿ ಶೋಗುನರ ಆಳ್ವಿಕೆ ಕುಸಿದು, 1868ರಲ್ಲಿ ಮೆಯಿಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ಎಡೊ ನಗರ ಟೋಕಿಯೊ ಆಯಿತು. ಜ್ಞಾನ ಎಲ್ಲಿದ್ದರೂ ಅದನ್ನು ಅರಸಿ ತರಬೇಕು ಎಂಬುದು ಹೊಸ ಸರ್ಕಾರ ಘೋಷಿಸಿದ ಐದು ಸಂಕಲ್ಪಗಳಲ್ಲಿ ಒಂದಾಗಿತ್ತು.

ನೆಲ ಪೂರಾ ಬಂಜರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕೂಲಿಮಠಗಳನ್ನು ಹೋಲುವ ‘ತೆರಕೋಯಾ’ ಎಂಬ ಶಾಲೆಗಳು ಹಳ್ಳಿಹಳ್ಳಿಗಳಲ್ಲಿ ಓದು, ಬರಹ, ಲೆಕ್ಕ ಕಲಿಸುತ್ತಿದ್ದವು. ನಾಗಸಾಕಿಯ ಡಚ್ ವರ್ತಕರ ಮೂಲಕ ವೈದ್ಯ, ಭೂಗೋಳ, ಲೋಹವಿದ್ಯೆಯ ಪುಸ್ತಕಗಳು ಹನಿಹನಿಯಾಗಿ ಒಳಗೆ ಬಂದಿದ್ದವು. ಓದಬಲ್ಲ ಜನ ಇದ್ದುದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು.

ಗಡುವಿನ ಗುರುಗಳು

1871ರ ಕೊನೆಯಲ್ಲಿ ಹೊಸ ಸರ್ಕಾರದ ಹಿರಿಯರಲ್ಲಿ ಹಲವರು ಇವಾಕುರಾ ತೊಮೊಮಿಯ ನೇತೃತ್ವದಲ್ಲಿ ಅಮೆರಿಕ ಮತ್ತು ಯೂರೋಪಿನ ಯಾತ್ರೆಗೆ ಹೊರಟರು. ಅಧಿಕಾರ ಹಿಡಿದು ನಾಲ್ಕು ವರ್ಷವೂ ಆಗಿರದ ನಾಯಕರು ದೇಶವನ್ನು ಸಹೋದ್ಯೋಗಿಗಳಿಗೆ ಒಪ್ಪಿಸಿ, 1873ರ ಸೆಪ್ಟೆಂಬರ್‌ವರೆಗೆ ಕಾರ್ಖಾನೆ, ಗಣಿ, ಶಾಲೆ, ಆಸ್ಪತ್ರೆ, ಸೆರೆಮನೆಗಳನ್ನು ನೋಡುತ್ತ ತಿರುಗಿದರು. ಜತೆಗೆ ವಿದ್ಯಾರ್ಥಿಗಳನ್ನೂ ಕರೆದೊಯ್ದರು. ಅಮೆರಿಕದಲ್ಲಿ ಓದಲು ಹೊರಟ ಐವರು ಹುಡುಗಿಯರಲ್ಲಿ ಎಲ್ಲರಿಗಿಂತ ಕಿರಿಯಳು ತ್ಸುದಾ ಉಮೆಕೊ. ಆಗ ಆಕೆಗೆ ಆರು ವರ್ಷ. ಮುಂದೆ 1900ರಲ್ಲಿ ಟೋಕಿಯೊದಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ಶಾಲೆ ತೆರೆದವಳು ಈಕೆಯೇ.

ಇತ್ತ ತಾಯ್ನಾಡಿಗೆ ವಿದೇಶಿ ತಜ್ಞರು ಬರತೊಡಗಿದರು. 1870ರ ದಶಕದ ಮಧ್ಯಭಾಗದಲ್ಲಿ ಸರ್ಕಾರದ ಸೇವೆಯಲ್ಲೇ ಇಂಥವರು ಸುಮಾರು 500 ಮಂದಿ ಇದ್ದರು. ಕೆಲವರ ಸಂಬಳ ಮಂತ್ರಿಗಳ ಸಂಬಳಕ್ಕೆ ಸಮನಾಗಿತ್ತು. ಈ ವೆಚ್ಚವೇ ಒಂದು ಬಗೆಯ ಒತ್ತಡವನ್ನು ಸೃಷ್ಟಿಸಿತು. ಗುರುವನ್ನು ಗೊತ್ತಾದ ವರ್ಷಗಳಿಗೆ ಮಾತ್ರ ನೇಮಿಸಬೇಕು, ಆ ಗಡುವಿನೊಳಗೆ ಅವನ ಕೆಲಸ ಕಲಿತು ಅವನನ್ನು ಗೌರವದಿಂದ ಬೀಳ್ಕೊಡಬೇಕು ಎಂಬುದು ಸರ್ಕಾರದ ಲೆಕ್ಕ.

1873ರಲ್ಲಿ ಟೋಕಿಯೊದ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥನಾಗಿ ಬಂದ ಸ್ಕಾಟ್ಲೆಂಡಿನ ಹೆನ್ರಿ ಡೈಯರ್‌ಗೆ ಆಗ ಇಪ್ಪತ್ನಾಲ್ಕು ವರ್ಷ. ಆತ ರೂಪಿಸಿದ ಆರು ವರ್ಷಗಳ ವ್ಯಾಸಂಗದಲ್ಲಿ ಮೊದಲೆರಡು ವರ್ಷ ಸಾಮಾನ್ಯ ವಿಜ್ಞಾನ, ಮುಂದಿನೆರಡು ವರ್ಷ ಆಯ್ದ ವಿಷಯ, ಕೊನೆಯ ಎರಡು ವರ್ಷ ಪೂರ್ತಿಯಾಗಿ ಕೆಲಸದ ಸ್ಥಳದ ಅನುಭವ. 1879ರಲ್ಲಿ ಹೊರಬಂದ ಮೊದಲ ತಂಡದಲ್ಲಿದ್ದ ತಕಾಮಿನೆ ಜೊಕಿಚಿ ಮುಂದೆ ಅಡ್ರಿನಲಿನ್ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಹೆಸರು ಮಾಡಿದ. 1883ರಲ್ಲಿ ಹೊರಬಂದ ತನಾಬೆ ಸಕುರೊ, ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ಕ್ಯೋಟೊ ನಗರಕ್ಕೆ ತರುವ ಕಾಲುವೆಯ ಎಂಜಿನಿಯರ್ ಆದ. 1890ರಲ್ಲಿ ಮುಗಿದ ಆ ಕಾಲುವೆಯ ನೀರಿನಿಂದ ಮರುವರ್ಷವೇ ವಿದ್ಯುತ್ತನ್ನೂ ತೆಗೆಯಲಾಯಿತು.

ಮರದ ಚರಕ, ಮಣ್ಣಿನ ಪಾತ್ರೆ

ಸಂಬಳಕ್ಕೆ, ಯಂತ್ರಗಳಿಗೆ, ಹಡಗುಗಳಿಗೆ ವಿದೇಶಿ ಹಣ ಬೇಕು. ಜಪಾನಿನಲ್ಲಿ ಮಾರಲು ಏನಿತ್ತು? ಕಬ್ಬಿಣದ ಅದಿರು ಕಡಿಮೆ, ಪೆಟ್ರೋಲಿಯಂ ಇಲ್ಲವೆನ್ನುವಷ್ಟು. ಇದ್ದದ್ದು ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು ಮತ್ತು ರೈತರ ಮನೆಯ ಹೆಣ್ಣುಮಕ್ಕಳ ಬೆರಳುಗಳು.

ಅದೇ ಕಾಲಕ್ಕೆ ಫ್ರಾನ್ಸ್, ಇಟಲಿಗಳ ರೇಷ್ಮೆ ಹುಳುಗಳು ರೋಗಕ್ಕೆ ತುತ್ತಾಗಿದ್ದರಿಂದ ಜಪಾನಿನ ಕಚ್ಚಾ ರೇಷ್ಮೆಗೂ ಮೊಟ್ಟೆಗಳಿಗೂ ಬೇಡಿಕೆ ಬಂತು. ಆದರೆ ಕೈಯಲ್ಲಿ ಬಿಚ್ಚಿದ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಯಂತ್ರದ ಮಗ್ಗಕ್ಕೆ ಅದು ಒಗ್ಗುತ್ತಿರಲಿಲ್ಲ. ಹೀಗಾಗಿ ಸರ್ಕಾರ 1872ರಲ್ಲಿ ತೊಮಿಯೋಕಾ ಎಂಬಲ್ಲಿ ಪಾಲ್ ಬ್ರುನಾ ಎಂಬ ಫ್ರೆಂಚ್ ತಜ್ಞನ ಮಾರ್ಗದರ್ಶನದಲ್ಲಿ 300 ಬೇಸಿನ್‌ಗಳ ನೂಲು ಬಿಚ್ಚುವ ಕಾರ್ಖಾನೆಯನ್ನು ಕಟ್ಟಿಸಿತು. ಮೊದಮೊದಲು ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ. ವಿದೇಶಿಯರು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ರಕ್ತವೆಂದು ತಿಳಿದು ಜನ ಹೆದರಿದ್ದರು! ಕಡೆಗೆ ಕಾರ್ಖಾನೆಯ ಮುಖ್ಯಸ್ಥ ತನ್ನ ಮಗಳನ್ನೇ ಮೊದಲು ಸೇರಿಸಿದ. ಸಮುರಾಯಿ ಮನೆತನಗಳ ಹುಡುಗಿಯರೂ ಬಂದರು. 1873ರಲ್ಲಿ ಸೇರಿದ ವಾದಾ ಎಯಿ ಎಂಬಾಕೆ ಮರುವರ್ಷವೇ ಊರಿಗೆ ಮರಳಿ, ಅಲ್ಲಿನ ಹೊಸ ಕಾರ್ಖಾನೆಯಲ್ಲಿ ಇತರರಿಗೆ ಕಲಿಸಿದಳು.

ತೊಮಿಯೋಕಾ ಸ್ವತಃ ಲಾಭ ಮಾಡಲಿಲ್ಲ. 1893ರಲ್ಲಿ ಸರ್ಕಾರ ಅದನ್ನು ಮಿತ್ಸುಯಿ ಸಂಸ್ಥೆಗೆ ಮಾರಿತು. ಆದರೆ ಅದರಿಂದ ಕಲಿತವರು ಲಾಭ ಮಾಡಿದರು. ಸುವಾ ಸರೋವರದ ಸುತ್ತಲಿನ ಸಣ್ಣ ಉದ್ಯಮಿಗಳಿಗೆ ಫ್ರೆಂಚ್ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ. ಅವರು ಕಬ್ಬಿಣದ ಬದಲು ಮರವನ್ನು, ತಾಮ್ರದ ಪಾತ್ರೆಯ ಬದಲು ಸುಟ್ಟ ಮಣ್ಣಿನ ಪಾತ್ರೆಯನ್ನು ಬಳಸಿ, ಸ್ಥಳೀಯ ಬಡಗಿ ಕುಂಬಾರರಿಂದಲೇ ಯಂತ್ರ ಮಾಡಿಸಿಕೊಂಡರು. ನೂಲಿನ ಗುಣಕ್ಕೆ ಯಾವುದು ಅನಿವಾರ್ಯ, ಯಾವುದು ಬರಿಯ ಅದ್ದೂರಿ ಎಂದು ಬೇರ್ಪಡಿಸಿದ ಈ ವಿವೇಕ ಅನುಕರಣೆಗಿಂತ ದೊಡ್ಡದು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನೂ ಹಿಂದಿಕ್ಕಿತು. 1868ರಿಂದ 1930ರವರೆಗೆ ದೇಶದ ರಫ್ತು ಗಳಿಕೆಯಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಈ ಎಳೆಯದೇ.

ದಕ್ಷಿಣೆ ತೆತ್ತವರು

ಆ ಪಾಲಿನ ಹಿಂದಿನ ಕೈಗಳ ಕಥೆ ಅಷ್ಟು ಹೊಳಪಿನದಲ್ಲ. ತೊಮಿಯೋಕಾದಲ್ಲಿ ಆರಂಭದಲ್ಲಿ ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ ಇತ್ತು. ಖಾಸಗಿ ಕಾರ್ಖಾನೆಗಳು ಹೆಚ್ಚಿದಂತೆ ಅದು ಹದಿಮೂರು, ಹದಿನಾಲ್ಕು ಗಂಟೆಗಳಾಯಿತು. ತಂದೆ ಮುಂಗಡ ಹಣ ಪಡೆದು ಕರಾರಿಗೆ ಮುದ್ರೆ ಒತ್ತುತ್ತಿದ್ದ. ಮಗಳು ಹಿಮ ತುಂಬಿದ ನೊಮುಗಿ ಕಣಿವೆದಾರಿಯನ್ನು ನಡೆದು ದಾಟಿ ಕಾರ್ಖಾನೆಯ ವಸತಿಗೃಹ ಸೇರುತ್ತಿದ್ದಳು. ಎಲ್ಲರ ನೂಲನ್ನೂ ಹೋಲಿಸಿ ನೋಡಿ, ಹಿಂದೆ ಬಿದ್ದವಳ ಕೂಲಿಯಲ್ಲಿ ಕಡಿತ ಮಾಡುತ್ತಿದ್ದರು. ಕುದಿನೀರಿನ ಆವಿ ತುಂಬಿದ ಕೋಣೆ, ಇಕ್ಕಟ್ಟಿನ ಮಲಗುಮನೆ, ಸಾಲದ ನಿದ್ದೆ; ಪರಿಣಾಮ ಕ್ಷಯರೋಗ. ಕಾಯಿಲೆ ಬಿದ್ದವರನ್ನು ಊರಿಗೆ ಕಳಿಸುತ್ತಿದ್ದುದರಿಂದ ರೋಗವೂ ಹಳ್ಳಿಗೆ ಹೋಗುತ್ತಿತ್ತು. ಇಶಿಹಾರಾ ಒಸಾಮು ಎಂಬ ವೈದ್ಯ 1913ರಲ್ಲಿ ಇದನ್ನು ಅಂಕಿಅಂಶಗಳ ಸಮೇತ ಬಯಲಿಗೆಳೆದ.

ಆ ಹೆಣ್ಣುಮಕ್ಕಳು ಮೌನವಾಗಿಯೇ ಎಲ್ಲವನ್ನೂ ಸಹಿಸಿದರೆನ್ನುವುದೂ ತಪ್ಪು. 1886ರಲ್ಲಿ ಕೋಫು ಪಟ್ಟಣದ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸದ ಅವಧಿ ಹೆಚ್ಚಿಸಿ ಕೂಲಿ ಇಳಿಸಿದಾಗ ಸುಮಾರು ನೂರು ಮಂದಿ ಕೆಲಸ ಬಿಟ್ಟು ಹೊರನಡೆದರು. ಜಪಾನಿನ ಕಾರ್ಖಾನೆಗಳ ಮೊದಲ ಮುಷ್ಕರವೆಂದು ಇದನ್ನು ಗುರುತಿಸುತ್ತಾರೆ. ಆದರೂ ಕಾರ್ಖಾನೆ ಕಾಯಿದೆ ಬಂದದ್ದು 1911ರಲ್ಲಿ, ಜಾರಿಯಾದದ್ದು 1916ರಲ್ಲಿ. ಅದರಲ್ಲೂ ರೇಷ್ಮೆ ಉದ್ಯಮಕ್ಕೆ ರಿಯಾಯಿತಿ ಸಿಕ್ಕಿತು. ಗಂಡಸರ ಬೆವರೂ ಇತ್ತು: 1873ರ ಹೊಸ ಭೂಕಂದಾಯ ಜಮೀನಿನ ಬೆಲೆಯ ಶೇ. 3ರಷ್ಟನ್ನು, ಬೆಳೆ ಬರಲಿ ಬಿಡಲಿ, ನಗದಿನಲ್ಲಿ ಕೇಳಿತು. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದು ಶೇ. 2.5ಕ್ಕೆ ಇಳಿಯಿತು.

ಎಳೆಯಿಂದ ಉಕ್ಕಿಗೆ

ಕಲಿಕೆ ಮುಗಿದದ್ದಕ್ಕೆ ಗುರುತೇನು? ಗುರುವಿನ ತಪ್ಪನ್ನು ಶಿಷ್ಯ ತಿದ್ದಬಲ್ಲವನಾಗುವುದು. 1901ರಲ್ಲಿ ಯವಾತಾದಲ್ಲಿ ಜರ್ಮನರ ವಿನ್ಯಾಸದ ಉಕ್ಕಿನ ಕಾರ್ಖಾನೆಯ ಊದುಕುಲುಮೆ ಹೊತ್ತಿತು. ಅದು ಸರಿಯಾಗಿ ನಡೆಯದೆ ಮರುವರ್ಷ ನಿಂತೇಹೋಯಿತು. ನೊರೊ ಕಗೆಯೊಶಿ ಎಂಬ ಲೋಹತಜ್ಞ ಕುಲುಮೆಯ ಆಕಾರದಲ್ಲಿಯೂ ಕೋಕ್‌ನ ಗುಣಮಟ್ಟದಲ್ಲಿಯೂ ದೋಷ ಕಂಡು, 1904ರಲ್ಲಿ ಅದನ್ನು ಮತ್ತೆ ನಡೆಸಿದ. ರೇಷ್ಮೆ ಹುಳುವಿನ ಮೇಲೆಯೇ ಪ್ರಯೋಗ ಮಾಡಿದ ತೊಯಾಮಾ ಕಮೆತಾರೊ, ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡಿದ್ದ ಅನುವಂಶೀಯ ನಿಯಮಗಳು ಹುಳುವಿಗೂ ಅನ್ವಯಿಸುತ್ತವೆಂದು 1906ರಲ್ಲಿ ತೋರಿಸಿ ಮಿಶ್ರತಳಿಗಳಿಗೆ ದಾರಿ ತೆರೆದ. ಮಗ್ಗದ ಯಂತ್ರಗಳನ್ನು ಜಪಾನಿಗೆ ಮಾರುತ್ತಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪೆನಿ, 1929ರಲ್ಲಿ ತೊಯೊದಾ ಸಕಿಚಿಯ ಸ್ವಯಂಚಾಲಿತ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು. ಆ ಮಗ್ಗದ ಮನೆಯಿಂದಲೇ ಮುಂದೆ ಟೊಯೊಟಾ ಕಾರು ಹೊರಟಿತು.

ಈ ಏಳಿಗೆಗೆ ಕರಾಳ ಮುಖವೂ ಇದೆ. ಯವಾತಾ ಕಾರ್ಖಾನೆಯ ಬಂಡವಾಳದಲ್ಲಿ 1894-95ರ ಯುದ್ಧದಲ್ಲಿ ಸೋತ ಚೀನಾದಿಂದ ವಸೂಲು ಮಾಡಿದ ಪರಿಹಾರದ ಹಣವಿತ್ತು. ತನ್ನ ಮೇಲೆ ಹೇರಲಾಗಿದ್ದ ಅಸಮಾನ ಒಪ್ಪಂದಗಳ ಕೊನೆಯ ಕುರುಹನ್ನು 1911ರಲ್ಲಿ ಕಳಚಿಕೊಂಡ ಜಪಾನ್, ಅದಕ್ಕೆ ಒಂದು ವರ್ಷ ಮೊದಲೇ ಕೊರಿಯಾವನ್ನು ನುಂಗಿತ್ತು. ಪಶ್ಚಿಮದಿಂದ ಕಲಿತ ಪಾಠಗಳಲ್ಲಿ ಸಾಮ್ರಾಜ್ಯದ ಪಾಠವೂ ಸೇರಿತ್ತು. 1945ರಲ್ಲಿ ಅದರ ಬೆಲೆಯನ್ನೂ ತೆರಬೇಕಾಯಿತು.

ಮೈಸೂರಿಗೆ ಬಂದ ಪಾಠ

ಈ ಕಥೆಗೂ ನಮ್ಮ ನಾಡಿಗೂ ನೇರ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಡ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಸ್ಥಾಪಿಸಿದರು. ಬಸವನಗುಡಿಯ ಬಳಿ ಆ ಹೆಸರು ಇಂದಿಗೂ ಉಳಿದಿದೆ. ಮುಂದೆ ಮೈಸೂರು ತಳಿಯನ್ನು ಜಪಾನ್ ಮೂಲದ ತಳಿಯೊಂದಿಗೆ ಕೂಡಿಸಿದ ಮಿಶ್ರತಳಿ ಗೂಡು ನಮ್ಮ ರೈತರ ಮನೆಮಾತಾಯಿತು. ಆಗ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನೂ ಉದ್ಯಮಗಳನ್ನೂ ಕಂಡುಬಂದರು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದ ಕಾಲದ ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಮುಂದೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವುಗಳ ಹಿಂದೆ ಆ ಪ್ರವಾಸದ ನೆನಪು ಕೆಲಸ ಮಾಡಿದೆ.

ಇಂದು ಬಿಡದಿಯಲ್ಲಿ ಟೊಯೊಟಾ ಕಾರುಗಳು ತಯಾರಾಗುತ್ತವೆ. ಅಲ್ಲಿಂದ ಸ್ವಲ್ಪ ದೂರದ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಹರಾಜಾಗುತ್ತದೆ. ಜಪಾನಿನಲ್ಲಿ ಗೂಡಿಗೂ ಕಾರಿಗೂ ನಡುವೆ ಒಂದು ದಾರಿ ಇತ್ತು. ಆ ದಾರಿಯುದ್ದಕ್ಕೂ ಶಾಲೆಗಳಿದ್ದವು, ಪ್ರಯೋಗಾಲಯಗಳಿದ್ದವು, ಕ್ಷಯದಿಂದ ಕೆಮ್ಮುತ್ತಿದ್ದ ಹುಡುಗಿಯರೂ ಇದ್ದರು. ವೇಗವಾಗಿ ಬೆಳೆಯಬಯಸುವ ಯಾವ ದೇಶವೇ ಆಗಲಿ, ಮೊದಲೆರಡನ್ನು ಕಟ್ಟಿಕೊಳ್ಳದೆ ಮುಂದೆ ಹೋಗಲಾರದು. ಮೂರನೆಯದನ್ನು ತಪ್ಪಿಸುವುದು ಸಾಧ್ಯವಿತ್ತು. ತೊಮಿಯೋಕಾದ ಆ ಎಂಟು ಗಂಟೆಯ ದಿನವೇ ಅದಕ್ಕೆ ಸಾಕ್ಷಿ.