ಪರದೇಶದ ಸೊಸೆಗೆ ಪೌರತ್ವ

ಪರದೇಶದ ಕನ್ಯೆಯನ್ನು ಮನೆತುಂಬಿಸಿಕೊಂಡ ಮುಂಬಯಿ ಕನ್ನಡಿಗರು ಒಂದು ಮಾತನ್ನು ಅರಿತಿರಬೇಕು: ಕೊರಳಿಗೆ ಮಾಂಗಲ್ಯ ಬಿದ್ದ ಮಾತ್ರಕ್ಕೆ ಭಾರತದ ಪೌರತ್ವವು ಕೈಗೂಡದು.

ವಿವಾಹವು ನೋಂದಣಿಯಾಗಿ, ಎಡೆಬಿಡದೆ ೨ ವರ್ಷ ಸಾಗಿದ್ದರೆ ‘ಸಾಗರೋತ್ತರ ಭಾರತೀಯ ಪೌರ’ ಎಂಬ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರಿಗೆ ಇದು ದೊರೆಯದು. ಹೆಸರಿನಲ್ಲಿ ಪೌರರೆಂದಿದ್ದರೂ ಮತದ ಹಕ್ಕಿಲ್ಲ. ವಿಚ್ಛೇದನವಾದರೆ ಕಾರ್ಡೇ ರದ್ದಾಗಬಹುದು.

ನಿಜವಾದ ಪೌರತ್ವಕ್ಕೆ ೭ ವರ್ಷ ಭಾರತದಲ್ಲಿ ವಾಸವಾಗಿರಬೇಕು. ಅರ್ಜಿಗೆ ಹಿಂದಿನ ೧೨ ತಿಂಗಳು ಇಲ್ಲಿಯೇ ನೆಲಸಿರಬೇಕು. ೧೯೫೫ರ ಕಾಯಿದೆಯು ಮದುವೆಯ ಆಧಾರದ ಈ ಮಾರ್ಗವನ್ನು ಸ್ತ್ರೀಯರಿಗೆ ಮಾತ್ರ ತೆರೆದಿತ್ತು. ೧೯೮೬ರ ತಿದ್ದುಪಡಿಯಿಂದ ಅದು ಅಳಿಯಂದಿರಿಗೂ ಲಭಿಸಿತು. ಆದರೆ ಹುಟ್ಟಿದ ನಾಡಿನ ಪೌರತ್ವವನ್ನು ತ್ಯಜಿಸಲೇಬೇಕು.

ಆದುದರಿಂದ ವಿವಾಹದ ನೋಂದಣಿಯನ್ನು ಮುಂದೂಡದಿರಿ. ಗಲ್ಲಾದ ಲೆಕ್ಕವನ್ನು ದಿನವೂ ಬರೆಯುವ ನಮ್ಮವರು ಸೊಸೆಯ ಪ್ರಯಾಣದ ದಿನಗಳನ್ನೂ ಬರೆದಿಡಲಿ. ಆ ಲೆಕ್ಕದ ಮೇಲೆಯೇ ಆಕೆಯ ಹಕ್ಕು ನಿಂತಿದೆ.