ಬ್ಲಿನಿ ಸೂರ್ಯನಲ್ಲ

ರಷ್ಯಾದ ಮಾಸ್ಲೆನಿತ್ಸ ಹಬ್ಬದ ಬಗ್ಗೆ ಎಲ್ಲೆಲ್ಲೂ ಒಂದೇ ಮಾತು: ದುಂಡಗಿನ, ಹೊಂಬಣ್ಣದ ಬ್ಲಿನಿ ದೋಸೆ ಎಂದರೆ ಸೂರ್ಯ, ಇದು ಕ್ರೈಸ್ತಪೂರ್ವ ಸೂರ್ಯಾರಾಧನೆ. ಕೇಳಲು ಸೊಗಸು, ಆದರೆ ಪಂಚಾಂಗ ಒಪ್ಪುವುದಿಲ್ಲ. ಈ ಹಬ್ಬ ಸೂರ್ಯನ ಚಲನೆಗೆ ಕಟ್ಟುಬಿದ್ದಿಲ್ಲ. ಈಸ್ಟರ್ ಹಿಂದೆಮುಂದೆ ಸರಿದಂತೆ ಇದೂ ಫೆಬ್ರವರಿ, ಮಾರ್ಚ್ ನಡುವೆ ಸರಿಯುತ್ತದೆ. ಈಸ್ಟರಿಗೆ ಮುಂಚಿನ ದೀರ್ಘ ಉಪವಾಸದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಿಗೆ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಎಲ್ಲವೂ ವರ್ಜ್ಯ. ಅದರ ಹಿಂದಿನ ವಾರ ಮಾಂಸವಷ್ಟೇ ನಿಂತಿರುತ್ತದೆ, ಉಳಿದದ್ದು ನಡೆಯುತ್ತದೆ. ಆ ವಾರವೇ ಮಾಸ್ಲೆನಿತ್ಸ. ಮನೆಯಲ್ಲಿರುವ ಬೆಣ್ಣೆ, ಹಾಲು, ಮೊಟ್ಟೆ ಖಾಲಿ ಮಾಡಲು ಬ್ಲಿನಿಗಿಂತ ಒಳ್ಳೆಯ ದಾರಿ ಬೇಕೆ? ಅಲ್ಲದೆ ರಷ್ಯನ್ನರು ಸಾವಿನ ಮನೆಯ ಊಟಕ್ಕೂ ಬ್ಲಿನಿ ಹುಯ್ಯುತ್ತಾರೆ. ಹಬ್ಬದ ಮೊದಲ ಬ್ಲಿನಿಯನ್ನು ತೀರಿಹೋದವರ ಹೆಸರಲ್ಲಿ ಬಡವರಿಗೆ ಕೊಡುವ ರೂಢಿಯೂ ಇತ್ತು. ಅಲ್ಲಿ ಸೂರ್ಯನಿಗೇನು ಕೆಲಸ?

ಹಾಗಾದರೆ ಹಬ್ಬದ ಕೊನೆಯ ದಿನವಾದ ಭಾನುವಾರ ಜನ ಸುಡುವ ಹುಲ್ಲಿನ ಗೊಂಬೆ? ಅದನ್ನು ಚರ್ಚು ಕಲಿಸಲಿಲ್ಲವಲ್ಲ ಎನ್ನಬಹುದು. ನಿಜ, ಕಲಿಸಲಿಲ್ಲ, ಈ ಗದ್ದಲವನ್ನು ಪಾದ್ರಿಗಳು ಬೈದದ್ದೇ ಹೆಚ್ಚು. ಆದರೆ ಆ ಬೆಂಕಿಯ ನೋಟವೂ ಆಕಾಶಕ್ಕಿಂತ ಹೊಲದ ಕಡೆಗೇ. ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರೊಪ್ ರಷ್ಯಾದ ಬೇಸಾಯದ ಹಬ್ಬಗಳ ಕುರಿತ ತಮ್ಮ 1963ರ ಪುಸ್ತಕದಲ್ಲಿ ಇಂಥ ಆಚರಣೆಗಳನ್ನು ನೆಲದ ಫಲವತ್ತತೆಗೆ ಜೋಡಿಸಿದರು: ಗೊಂಬೆಯ ಚೂರೋ ಬೂದಿಯೋ ಹೊಲಕ್ಕೆ ಬಿದ್ದರೆ ಬೆಳೆ ಚೆನ್ನ ಎಂಬ ನಂಬಿಕೆ. ಸೂರ್ಯನ ವಿವರಣೆಗೆ ಮೆರುಗು ಕೊಟ್ಟವರು ಎಲ್ಲದರಲ್ಲೂ ಪುರಾಣ ಹುಡುಕುತ್ತಿದ್ದ 19ನೇ ಶತಮಾನದ ಪಂಡಿತರು. ಗೊಂಬೆ ಸುಟ್ಟ ಆ ಭಾನುವಾರವೇ ಜನ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ, ಸೋಮವಾರದಿಂದ ಉಪವಾಸ.