ಒಂದೇ ಬ್ಯಾಗು: ಕುರುಗೋಡು ಗುಡ್ಡಕ್ಕೂ ಸೈ, ಶ್ರೀಶೈಲ ಪಾದಯಾತ್ರೆಗೂ ಸೈ

ಗುಡ್ಡ ಹತ್ತಲು ಒಂದು, ಊರಿಗೆ ಹೋಗಲು ಒಂದು, ಆಫೀಸಿಗೆ ಒಂದು ಅಂತ ಬ್ಯಾಗು ಕೊಳ್ಳುತ್ತಾ ಹೋದರೆ ಅಟ್ಟ ತುಂಬುತ್ತದೆ, ಹೆಗಲು ನೋವು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಮನೆಯದು ಒಂದೇ ಬ್ಯಾಗಿನ ಬಜೆಟ್ಟು. ಆದರೆ ಅದರಿಂದ ಆಗಬೇಕಾದ ಕೆಲಸ ಎರಡು. ಮೊದಲನೆಯದು ನನ್ನದು: ಭಾನುವಾರ ಬೆಳಿಗ್ಗೆ ಮಕ್ಕಳ ಜೊತೆ ಬಳ್ಳಾರಿ ಗುಡ್ಡವನ್ನೋ ಕುರುಗೋಡು ಗುಡ್ಡವನ್ನೋ ಹತ್ತಿ ಊಟದ ಹೊತ್ತಿಗೆ ಮನೆಗೆ ಬರುವುದು. ಎರಡನೆಯದು ಸಿರುಗುಪ್ಪದಲ್ಲಿರುವ ನಮ್ಮಣ್ಣನದು: ಯುಗಾದಿಗೆ ಮುಂಚೆ ಊರವರ ಜೊತೆ ಹೊರಟು ಎಂಟೊಂಬತ್ತು ದಿನ ನಡೆದು ಶ್ರೀಶೈಲ ಮುಟ್ಟುವ ಪಾದಯಾತ್ರೆ.

ನಮ್ಮ ಕಡೆಯವರಿಗೆ ಈ ಯಾತ್ರೆಯ ಬಗ್ಗೆ ಹೇಳಬೇಕಾದ್ದಿಲ್ಲ. ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ತವರಿನಿಂದ ಸೀರೆ ಒಯ್ಯಬೇಕು ಅಂತಲೇ ಬಾಗಲಕೋಟೆ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯಿಂದ ಸಾವಿರಾರು ಜನ ನಡೆಯುತ್ತಾರೆ. ನಮ್ಮಣ್ಣನ ಗುಂಪು ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರಂ ಹತ್ತಿರ ನಲ್ಲಮಲ ಕಾಡು ಹೊಗುತ್ತದೆ. ಅಲ್ಲಿಂದ ಕಾಡುದಾರಿ, ಕಲ್ಲುದಾರಿ. ಭೀಮನ ಕೊಳದ ಕಣಿವೆ ಇಳಿದು ಏರಿ ಕೈಲಾಸ ದ್ವಾರ ಮುಟ್ಟಬೇಕು.

ಅಣ್ಣನಿಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ಮಗ ಕಾಲೇಜಿಗೆ ಒಯ್ಯುತ್ತಿದ್ದ ಹಳೆಯ ಬ್ಯಾಗನ್ನೇ ಮೂರು ವರ್ಷ ಹೊತ್ತು ನಡೆದ. ಮೂರನೇ ವರ್ಷ ಬಂದಾಗ ಎಡಗೈ ಜೋಮು ಹಿಡಿದಿತ್ತು, ಲೋಟ ಹಿಡಿಯಲೂ ಬಿಗಿ ಇಲ್ಲ. ತೋರಿಸಿದಾಗ ಡಾಕ್ಟರು ನೇರವಾಗಿಯೇ ಹೇಳಿದರು: ಹೆಗಲ ಮೇಲಿನ ಭಾರ ಬಿಡಿ, ಇಲ್ಲವೇ ನಡೆಯೋದನ್ನ ಬಿಡಿ. ಅವ್ವ ಅದನ್ನೇ ಹಿಡಿದಳು. “ಈ ವರ್ಷ ಬ್ಯಾಡ ಬಿಡಪ್ಪ, ಮಲ್ಲಯ್ಯ ಮನ್ಯಾಗೂ ಅದಾನ” ಅಂದಳು. ಅಣ್ಣ “ನಡ್ಯೋದು ಬಿಡಂಗಿಲ್ಲವ್ವ, ಹೊರೋದು ಹೆಂಗಂತ ಹೇಳ್ರಿ” ಅಂತ ನನ್ನ ಮುಖ ನೋಡಿದ. ಬ್ಯಾಗು ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ.

ಕೈ ಜೋಮು ಹಿಡಿಯೋದು ಯಾಕೆ?

ಕೈಗೆ ಹೋಗುವ ನರಗಳ ಗೊಂಚಲು ಕುತ್ತಿಗೆಯಿಂದ ಹೊರಟು ಕಾಲರ್ ಮೂಳೆಯ ಅಡಿಯಲ್ಲಿ ಹಾದುಹೋಗುತ್ತದೆ. ಭಾರದ ಚೀಲದ ಪಟ್ಟಿ ಗಂಟೆಗಟ್ಟಲೆ ಅಲ್ಲಿಯೇ ಒತ್ತಿದರೆ ಕೈ ಜೋಮು ಹಿಡಿಯುತ್ತದೆ, ಬಲ ಕಡಿಮೆಯಾಗುತ್ತದೆ. ಸೈನಿಕರಲ್ಲಿ ಇದು ಹಳೆಯ ತೊಂದರೆ. ವೈದ್ಯರು ಇದನ್ನು ‘ರಕ್‌ಸ್ಯಾಕ್ ಪಾಲ್ಸಿ’ ಅನ್ನುತ್ತಾರೆ. ಬೆನ್ನಿಗೆ ಗಟ್ಟಿ ಚೌಕಟ್ಟು, ಸೊಂಟಕ್ಕೆ ಪಟ್ಟಿ ಇರುವ ಚೀಲ ಹೊತ್ತವರಿಗೆ ಈ ತೊಂದರೆ ಕಡಿಮೆ. ಚೌಕಟ್ಟು ಭಾರವನ್ನು ಕೆಳಗೆ ಇಳಿಸುತ್ತದೆ, ಪಟ್ಟಿ ಅದನ್ನು ಸೊಂಟದ ಮೂಳೆಯ ಮೇಲೆ ಕೂರಿಸುತ್ತದೆ. ಬಿಂದಿಗೆಯನ್ನು ಹೆಂಗಸರು ಸೊಂಟದ ಮೇಲೆ ಇಟ್ಟುಕೊಳ್ಳುವುದರ ಹಿಂದಿರುವುದೂ ಇದೇ ಲೆಕ್ಕ.

ಇಂಥ ಚೀಲವನ್ನು ಜನಪ್ರಿಯಗೊಳಿಸಿದ್ದು 1950ರ ದಶಕದಲ್ಲಿ ಅಮೆರಿಕದ ಡಿಕ್ ಕೆಲ್ಟಿ. ಅವರು ಅಲ್ಯೂಮಿನಿಯಂ ಚೌಕಟ್ಟು ಮಾಡುತ್ತಿದ್ದರು, ಹೆಂಡತಿ ನೀನಾ ಮನೆಯಲ್ಲೇ ಚೀಲ ಹೊಲಿಯುತ್ತಿದ್ದರು. ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ಬಳ್ಳಾರಿಯವರಿಗೆ ಈ ಕಥೆ ಹೊಸದೆನಿಸಲಿಕ್ಕಿಲ್ಲ.

ಮೊದಲು ಬೆನ್ನಿನ ಅಳತೆ, ಆಮೇಲೆ ಅಂಗಡಿ

ಚಪ್ಪಲಿಗೆ ನಂಬರ್ ಇರುವ ಹಾಗೆ ಬ್ಯಾಗಿಗೂ ಬೆನ್ನಿನ ಅಳತೆ ಇದೆ. ಬರೀ ಎತ್ತರ ನೋಡಿ ಅದನ್ನು ಹೇಳಲಾಗದು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅದು ಮೇಲಿನ ಗುರುತು. ಸೊಂಟದ ಎರಡೂ ಕಡೆ ಮೂಳೆಯ ತುದಿಗೆ ಕೈ ಇಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವು ಬೆನ್ನಿನ ಮೇಲೆ ಸೇರುವ ಜಾಗ ಕೆಳಗಿನ ಗುರುತು. ಎರಡರ ನಡುವೆ ಟೇಲರ್ ಟೇಪ್ ಹಿಡಿಯಿರಿ. ಅಣ್ಣನದು 46 ಸೆಂ.ಮೀ. ಬಂತು, ನನ್ನದು 41.

ಒಂದೇ ಬ್ಯಾಗನ್ನು ಇಬ್ಬರು ಹೊರಬೇಕಾದರೆ ಬೆನ್ನಿನ ಭಾಗವನ್ನು ಮೇಲೆ ಕೆಳಗೆ ಸರಿಸಲು ಬರಬೇಕು. ಅಂಗಡಿಯಲ್ಲಿ ‘ಅಡ್ಜಸ್ಟಬಲ್ ಬ್ಯಾಕ್’ ಅಂತ ಕೇಳಿ. ಇಲ್ಲಿ ರಾಜಿ ಬೇಡ. ಬಣ್ಣ, ಕಂಪನಿ, ಜೇಬಿನ ಲೆಕ್ಕ ಎಲ್ಲ ಇದಾದ ಮೇಲೆ.

ಅಂಗಡಿಗೆ ಹೋಗುವಾಗ ಅಣ್ಣ ಐದು ಕೆ.ಜಿ. ಸೋನಾ ಮಸೂರಿ ಅಕ್ಕಿಯ ಚೀಲ, ಎರಡು ಬಾಟಲಿ ನೀರು ತಂದಿದ್ದ. ಖಾಲಿ ಬ್ಯಾಗು ಯಾರ ಬೆನ್ನಿಗಾದರೂ ಹಿತವೇ. ಭಾರ ತುಂಬಿ ಹತ್ತು ನಿಮಿಷ ಓಡಾಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಮೊದಲು ಸೊಂಟದ ಪಟ್ಟಿ ಕಟ್ಟಿ, ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಆಗ ಹೆಗಲ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ, ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಭಾರ ಇನ್ನೂ ಹೆಗಲ ಮೇಲೆಯೇ ಇದೆ ಅಂತ ಅರ್ಥ. ನಾಲ್ಕು ಬ್ಯಾಗುಗಳಲ್ಲಿ ಮೂರು ಈ ಪರೀಕ್ಷೆಯಲ್ಲೇ ಬಿದ್ದವು. ನಾಲ್ಕನೆಯದು 3,400 ರೂಪಾಯಿ. ಎದೆ ಸ್ವಲ್ಪ ಧಸಕ್ ಅಂದಿತು. ಆದರೂ ಇಬ್ಬರ ಬೆನ್ನಿಗೂ ಕೂತಿದ್ದು ಅದೊಂದೇ.

ಎಷ್ಟು ಲೀಟರಿನದು?

ಬ್ಯಾಗಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಒಂದು ದಿನಕ್ಕೆ 20–25 ಲೀಟರ್ ಸಾಕು. ಟೆಂಟು, ಒಲೆ, ದಿನಸಿ ಎಲ್ಲ ಹೊತ್ತು ನಾಲ್ಕಾರು ದಿನ ಕಾಡಿನಲ್ಲಿ ಇರುವವರಿಗೆ 60 ಲೀಟರ್‌ ಆದರೂ ಬೇಕು. ಹೊರದೇಶಗಳಲ್ಲಿ ಬೇಟೆಗೆ ಹೋಗುವವರ ತಲೆನೋವೂ ಇದೇ ಅಂತೆ: ಒಂದು ದಿನಕ್ಕೂ ವಾರಕ್ಕೂ ಆಗುವ ಒಂದೇ ಚೀಲ ಯಾವುದು? ಅವರು ಕಂಡುಕೊಂಡ ದಾರಿ, ಚೌಕಟ್ಟು ಗಟ್ಟಿ ಇದ್ದು ಚೀಲ ಮಾತ್ರ ಹಿಗ್ಗುವ ಕುಗ್ಗುವ ಬ್ಯಾಗು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅದು ಒಳ್ಳೆಯದೇ ಆಯಿತು. ಚೀಲದ ಉಪಾಯವನ್ನು ಮಾತ್ರ ನಾವೂ ಕಲಿಯಬಹುದು.

ಶ್ರೀಶೈಲ ದಾರಿಯಲ್ಲಿ ಇನ್ನೊಂದು ಅನುಕೂಲ ಇದೆ: ದಾಸೋಹ. ಉದ್ದಕ್ಕೂ ಭಕ್ತರು ಟೆಂಟು ಹಾಕಿ ಅನ್ನ, ಅಂಬಲಿ, ಮಜ್ಜಿಗೆ ಕೊಡುತ್ತಾರೆ. ಒಲೆ, ಪಾತ್ರೆ, ದಿನಸಿ ಹೊರುವ ಪ್ರಶ್ನೆಯೇ ಇಲ್ಲ. ಹಾಗಾಗಿ 40 ಲೀಟರ್ ಬ್ಯಾಗು ಎಂಟು ದಿನಕ್ಕೆ ಸಾಕಾಯಿತು. ಎರಡೂ ಬದಿಯಲ್ಲಿ ಎಳೆದು ಬಿಗಿಯುವ ಪಟ್ಟಿಗಳಿರುವುದರಿಂದ ಭಾನುವಾರದ ಗುಡ್ಡಕ್ಕೆ ಅದೇ ಬ್ಯಾಗು ಅರ್ಧಕ್ಕೆ ಕುಗ್ಗುತ್ತದೆ, ಒಳಗಿನ ಸಾಮಾನು ಗುಡುಗುಡು ಅನ್ನುವುದಿಲ್ಲ. ದೊಡ್ಡ ಬ್ಯಾಗು ಕೊಂಡರೆ ಇನ್ನೊಂದು ಅಪಾಯ: ಖಾಲಿ ಜಾಗ ಕಂಡರೆ ನಮ್ಮ ಹೆಣ್ಣುಮಕ್ಕಳ ಕೈ ಸುಮ್ಮನಿರುವುದಿಲ್ಲ, ಏನಾದರೂ ತುರುಕುತ್ತೇವೆ!

ಒಳಗೆ ತಿರುವಿ ಹೊಲಿಗೆ ನೋಡಿ

ನಮ್ಮ ಓಣಿಯಲ್ಲಿ ಜೀನ್ಸ್ ಯೂನಿಟ್ಟಿಗೆ ಹೋಗುವ ಅಕ್ಕ ಒಬ್ಬರಿದ್ದಾರೆ. ಅವರಿಂದ ಕಲಿತ ಪಾಠ ಇದು. ಪ್ಯಾಂಟಿನ ಬೆಲ್ಟ್ ಲೂಪಿನ ತುದಿಯಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ದಪ್ಪ ಗೀಟು ಇರುತ್ತದಲ್ಲ, ಅದಕ್ಕೆ ಬಾರ್‌ಟ್ಯಾಕ್ ಅನ್ನುತ್ತಾರೆ. ಬ್ಯಾಗಿನ ಹೆಗಲ ಪಟ್ಟಿ, ಸೊಂಟದ ಪಟ್ಟಿ, ಎತ್ತುವ ಹಿಡಿ ಇವು ಚೀಲಕ್ಕೆ ಸೇರುವ ಕಡೆಯೆಲ್ಲ ಆ ಗೀಟು ಇರಲೇಬೇಕು. ಬರೀ ಒಂದೆಳೆ ಹೊಲಿಗೆ ಇದ್ದರೆ ಆ ಬ್ಯಾಗನ್ನು ಅಲ್ಲೇ ಇಟ್ಟುಬಿಡಿ. ಬಟ್ಟೆಯ ಅಂಚು ಒಳಗಡೆ ಪಟ್ಟಿ ಸುತ್ತಿ ಮುಚ್ಚಿರಬೇಕು, ದಾರ ಬಿಟ್ಟಿರಬಾರದು.

ಹೊರಗಿನ ನೆಟ್ ಜೇಬು ನೋಡಲು ಚೆಂದ, ನಮ್ಮ ನೆಲಕ್ಕೆ ಆಗುವುದಿಲ್ಲ. ಊರಿನ ಹೆಸರನ್ನೇ ಹೊತ್ತ ‘ಬಳ್ಳಾರಿ ಜಾಲಿ’ ಒಂದೇ ಗೀರಿಗೆ ಅದನ್ನು ಹರಿದುಬಿಡುತ್ತದೆ. ಬಟ್ಟೆಯ ಜೇಬೇ ಇರಲಿ. ಜಿಪ್ಪು ದಪ್ಪ ಹಲ್ಲಿನದಿರಲಿ, ನಮ್ಮ ಕೆಂಪು ಧೂಳಿಗೆ ಸಣ್ಣ ಜಿಪ್ಪು ಬೇಗ ಸಿಕ್ಕಿಕೊಳ್ಳುತ್ತದೆ.

ತಕ್ಕಡಿಯ ಮುಂದೆ ಅಣ್ಣ, ಅವ್ವ, ನಾನು

ಒಂದು ದಿನದ ನಡಿಗೆಗೆ ನಿಮ್ಮ ತೂಕದ ಶೇ 10, ಹಲವು ದಿನದ್ದಾದರೆ ಹೆಚ್ಚೆಂದರೆ ಶೇ 20. ಹೊರೆಯ ವಿಷಯದಲ್ಲಿ ನಡೆಯುವವರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಇದು. ಮಕ್ಕಳ ಶಾಲಾ ಬ್ಯಾಗಿಗೂ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು ಶೇ 10 ಮೀರಬಾರದು ಅಂತಲೇ. ಅಣ್ಣನ ತೂಕ 68 ಕೆ.ಜಿ. ವಯಸ್ಸು, ಕಾಯಿಲೆ ಎರಡೂ ಇರುವುದರಿಂದ ಶೇ 12ಕ್ಕೆ ಗೆರೆ ಎಳೆದೆವು, ಅಂದರೆ ಸುಮಾರು 8 ಕೆ.ಜಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಬರೆದ ಪಟ್ಟಿ ಇದು:

ಖಾಲಿ ಬ್ಯಾಗು – 1.4 ಕೆ.ಜಿ.
ನೀರು, 2 ಲೀಟರ್ – 2 ಕೆ.ಜಿ.
ಎರಡು ಜೊತೆ ಬಟ್ಟೆ, ಟವೆಲ್ – 1.4 ಕೆ.ಜಿ.
ಹೊದಿಕೆ, ತೆಳು ಚಾಪೆ – 900 ಗ್ರಾಂ
ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ – 800 ಗ್ರಾಂ
ಭ್ರಮರಾಂಬೆಗೆ ಸೀರೆ, ಪೂಜೆ ಸಾಮಾನು – 700 ಗ್ರಾಂ
ಬ್ಯಾಟರಿ, ಮೊಬೈಲ್, ಪವರ್ ಬ್ಯಾಂಕ್ – 500 ಗ್ರಾಂ
ಮಾತ್ರೆ, ಬೆಲ್ಲ, ಗಾಯದ ಪಟ್ಟಿ – 400 ಗ್ರಾಂ

ಒಟ್ಟು 8.1 ಕೆ.ಜಿ. ಮೊದಲ ಸಲ ತೂಗಿದಾಗ 11 ದಾಟಿತ್ತು. ಅವ್ವ ಕಟ್ಟಿದ ಚಕ್ಕುಲಿ ಡಬ್ಬಿ, ಮೂರನೇ ಜೊತೆ ಬಟ್ಟೆ, ಉಲ್ಲನ್ ಕಂಬಳಿ ಹೊರಗೆ ಬಂದವು. ಚಕ್ಕುಲಿಗೆ ಅವ್ವ ಎರಡು ದಿನ ಮುನಿಸಿಕೊಂಡಳು. ಸೀರೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೊರೆ ಇಳಿಸುವುದು ಅಂದರೆ ಬೇಕಾದ್ದನ್ನೆಲ್ಲ ಬಿಡುವುದಲ್ಲ. ಯಾವುದಕ್ಕಾಗಿ ಹೊರಟಿದ್ದೇವೋ ಅದಕ್ಕೆ ಜಾಗ ಮಾಡುವುದು.

ತುಂಬುವುದಕ್ಕೂ ಒಂದು ಕ್ರಮ

ರಾತ್ರಿ ಮಾತ್ರ ಬೇಕಾಗುವ ಹಗುರ ಸಾಮಾನು, ಅಂದರೆ ಹೊದಿಕೆ, ತಳಕ್ಕೆ. ಭಾರದ ಸಾಮಾನು, ಅಂದರೆ ನೀರು, ತಿಂಡಿ, ಬೆನ್ನಿಗೆ ತಾಗಿ ನಡುಮಟ್ಟದಲ್ಲಿ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಅದು ಹಿಂದಕ್ಕೆ ಜಗ್ಗುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ. ಬಟ್ಟೆ ಅದರ ಸುತ್ತ. ಮೇಲಿನ ಜೇಬು ಸಕ್ಕರೆ ಕಾಯಿಲೆಯವರ ಜೇಬು: ಮಾತ್ರೆ, ಬೆಲ್ಲದ ಚೂರು, ಡಾಕ್ಟರ ಚೀಟಿ, ಮನೆಯವರ ಫೋನ್ ನಂಬರ್. ನಡೆದು ನಡೆದು ಸಕ್ಕರೆ ಇಳಿದು ಕೈಕಾಲು ನಡುಗಿದರೆ ಪಕ್ಕದಲ್ಲಿರುವವರು ಹುಡುಕಾಡದೆ ಕೈ ಹಾಕುವಂತಿರಬೇಕು. ಅದು ಯಾವ ಜೇಬು ಅಂತ ಗುಂಪಿನ ಇಬ್ಬರಿಗಾದರೂ ಮೊದಲೇ ತೋರಿಸಿಡಿ.

ಹೊರಗಡೆ ಏನನ್ನೂ ನೇತುಹಾಕಬೇಡಿ. ಬಳ್ಳಾರಿ ಗುಡ್ಡವಿರಲಿ, ಶ್ರೀಶೈಲವಿರಲಿ, ಕೋತಿಗಳಿಗೆ ಕವರಿನ ಸದ್ದು ಕೇಳಿದರೆ ಸಾಕು. ನಲ್ಲಮಲ ಹುಲಿ ಸಂರಕ್ಷಿತ ಕಾಡು, ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರುವ ಮಾತೇ ಬೇಡ. ನಾವು ಹಳೆಯ ಹತ್ತಿ ಸೀರೆಯಲ್ಲಿ ಸಣ್ಣ ಚೀಲಗಳನ್ನು ಹೊಲಿದು ಒಂದೊಂದಕ್ಕೆ ಒಂದೊಂದು ಸಾಮಾನು ತುಂಬಿದೆವು. ಕತ್ತಲಲ್ಲಿ ಮುಟ್ಟಿದರೂ ಯಾವುದು ಏನು ಅಂತ ಗೊತ್ತಾಗುತ್ತದೆ.

ಭಾನುವಾರದ ಗುಡ್ಡಕ್ಕೆ

ಅದೇ ಬ್ಯಾಗು ನನ್ನ ಬೆನ್ನಿಗೆ ಬರುವಾಗ ಬೆನ್ನಿನ ಭಾಗ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ, ಬದಿಯ ಪಟ್ಟಿಗಳು ಬಿಗಿಯಾಗುತ್ತವೆ. ಮೂರು ಲೀಟರ್ ನೀರು, ರೊಟ್ಟಿ ಪಲ್ಯ, ಟೋಪಿಗಳು, ಒಂದು ಟವೆಲ್. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನಿಗೆ ಕೈಮುಗಿದು, ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹತ್ತುತ್ತೇವೆ, ಹತ್ತು ಗಂಟೆಯೊಳಗೆ ಇಳಿಯುತ್ತೇವೆ. ನಮ್ಮ ಬಂಡೆಗುಡ್ಡಗಳು ಕರಡಿ, ಚಿರತೆಗಳ ಮನೆಯೂ ಹೌದು, ನಸುಕು ಮತ್ತು ಮುಸ್ಸಂಜೆ ಅವುಗಳ ಹೊತ್ತು. ಬಿಸಿಲೇರಿದರೆ ಬಂಡೆಯೇ ಹಂಚಾಗುತ್ತದೆ. ಹನ್ನೊಂದು ವರ್ಷದ ಮಗನಿಗೆ ತನ್ನ ನೀರಿನ ಬಾಟಲಿ ಮಾತ್ರ. ಕಡಿದಾದ ಬಂಡೆ ಇಳಿಯುವಾಗ ಎರಡೂ ಕೈ ಖಾಲಿ ಇರುವುದೇ ದೊಡ್ಡ ಅನುಕೂಲ.

ಬಂದ ಮೇಲೆ

ಬ್ಯಾಗನ್ನು ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ಒಳಗಿನ ಲೇಪ ಕಿತ್ತು ಬರುತ್ತದೆ. ಕೊಡವಿ, ಸೋಪಿನ ನೀರಲ್ಲಿ ಮೆತ್ತನೆ ಬ್ರಷ್ ಆಡಿಸಿ, ನೆರಳಲ್ಲಿ ತಲೆಕೆಳಗಾಗಿ ಒಣಗಿಸಿ. ಜಿಪ್ಪಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಮೇಣದ ಬತ್ತಿ ಸವರಿ. ಎಲ್ಲಾದರೂ ಹೊಲಿಗೆ ಬಿಟ್ಟರೆ ಜೀನ್ಸ್ ಹೊಲಿಯುವವರ ಹತ್ತಿರ ಒಯ್ಯಿರಿ. ದಪ್ಪ ದಾರ, ಗಟ್ಟಿ ಸೂಜಿ ಅವರಲ್ಲಿರುತ್ತದೆ.

ಈ ಸಲ ಅಣ್ಣ ಹೊರಡುವ ಹದಿನೈದು ದಿನ ಮುಂಚಿನಿಂದಲೇ ತುಂಬಿದ ಬ್ಯಾಗು ಹೊತ್ತು ಸಂಜೆ ಕಾಲುವೆ ಏರಿಯ ಮೇಲೆ ನಡೆದ. ಮೊದಲು ಎರಡು ಕಿ.ಮೀ., ಆಮೇಲೆ ಐದು, ಕೊನೆಗೆ ಎಂಟು. ಎಲ್ಲಿ ಒತ್ತುತ್ತದೆ, ಯಾವ ಪಟ್ಟಿ ಸಡಿಲಿಸಬೇಕು ಅನ್ನುವುದು ಊರಲ್ಲೇ ಗೊತ್ತಾಯಿತು. ಯುಗಾದಿ ಮುಗಿಸಿ ಬಸ್ಸಿನಲ್ಲಿ ಬಂದಿಳಿದಾಗ ಪಾದದಲ್ಲಿ ಎರಡು ಬೊಕ್ಕೆ ಇದ್ದವು, ಕೈಗೆ ಏನೂ ಆಗಿರಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೊರಡುವವರಿದ್ದರೆ ಹೊಸ ಬ್ಯಾಗು ತರುವ ಮುಂಚೆ ಎರಡು ಕೆಲಸ ಮಾಡಿ: ಟೇಪ್ ಹಿಡಿದು ಬೆನ್ನು ಅಳೆಯಿರಿ, ತಕ್ಕಡಿ ಹಿಡಿದು ಸಾಮಾನು ತೂಗಿರಿ. ಎರಡಕ್ಕೂ ದುಡ್ಡು ಬೇಕಿಲ್ಲ. ಅರ್ಧ ಬ್ಯಾಗು ಅಲ್ಲೇ ಆರಿಸಿದಂತಾಗುತ್ತದೆ.